ಐದನೆಯ ಚುಕ್ಕಿ

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ
ಅಡುಗೆಮನೆಯ ಮೇಜಿನಿಂದ

ನನ್ನ ಕಡ್ಡಿಗೆ, ಅಮ್ಮನ ಮುದ್ದು. ನೀನು ಬೇಡ ಅಂದರೂ ಅದು ನಿನ್ನದೇ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಬರೆಯಲು ಆಗಲಿಲ್ಲ. ನಿನ್ನ ಅಪ್ಪ ಚೆನ್ನಾಗಿದ್ದಾರೆ, ದಿನಕ್ಕೆ ಮೂರು ಸಲ ಕನ್ನಡಕ ಕಳೆದುಕೊಂಡು ಮೂರು ಸಲ ಹುಡುಕಿಕೊಳ್ಳುತ್ತಾರೆ. ನಾನು ಚೆನ್ನಾಗಿಲ್ಲ. ನೀನು ಮೂರು ವಾರದಿಂದ ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ಏನು ಹೇಳುತ್ತಿದ್ದೆನೋ ಕಾಣೆ. ನಿನ್ನ ದನಿ ಕೇಳಿದ ತಕ್ಷಣ ಊಟ ಆಯಿತಾ ಎಂದು ಕೇಳಿ, ಬೇರೇನೂ ಹೇಳದೆ ಇಟ್ಟುಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಬೈಯಬೇಡ. ಪೆನ್ನು ಸರಿಯಿಲ್ಲ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎರಡನೆಯ ಹಾಳೆಯವರೆಗೆ ಓದುವ ತಾಳ್ಮೆ ನಿನಗಿಲ್ಲ. ಆ ಮೂಗಿನ ತುದಿಯ ಕೋಪ ಯಾರಿಂದ ಬಂತು ಎಂದು ಕೇಳಬೇಡ. ಈ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕ್ಲಬ್ಬಿನಲ್ಲಿ ಹವ್ಯಾಸಿ ರೇಡಿಯೊ ಲೈಸೆನ್ಸಿನ ಪರೀಕ್ಷೆ ಮತ್ತೆ ಇದೆ. ನೀನು ಬಂದು ಕೂರಬೇಕು. ಫೇಲಾದವರು ಮೂರು ತಿಂಗಳು ಕೂರುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿಲ್ಲವೇ? ಗೋಡೆಗೆ ಅದನ್ನು ಅಂಟಿಸಿದವಳೇ ನಾನು. ಆದರೆ ನೀನು ಫೇಲಾಗಿರಲಿಲ್ಲ, ಕಡ್ಡಿ. ನಿನ್ನ ಉತ್ತರ ಸರಿಯಿತ್ತು. ತಪ್ಪು ಮಾಡಿದವಳು ನಾನು.

ಈಗ ಉಸಿರು ಬಿಡುತ್ತೇನೆ. ನೀನೂ ಬಿಡು, ಕೂತುಕೊಂಡು ಓದು.

ಆ ಶನಿವಾರ ನಿನಗೆ ಮರೆತಿಲ್ಲ. ನನಗೂ ಮರೆತಿಲ್ಲ ಎಂದು ತೋರಿಸಲು ಬರೆಯುತ್ತಿದ್ದೇನೆ. ಸೈಕಲ್ ಅಂಗಡಿಯ ಮೇಲಿನ ಆ ಕೋಣೆ, ಕೆಳಗಿನಿಂದ ರಬ್ಬರಿನ ವಾಸನೆ, ಬೆಂಚುಗಳಲ್ಲಿ ನೋಡಲು ಬಂದ ಆರು ಜನ, ಅಂದು ಪರೀಕ್ಷೆಗೆ ಕೂತವಳು ನೀನೊಬ್ಬಳೇ. ಮೇಜಿನ ಮೇಲೆ ನನ್ನ ಹಿತ್ತಾಳೆಯ ಮೋರ್ಸ್ ಕೀ. ಎದುರಿಗಿಟ್ಟ ಕಾಗದ ನೋಡಿಕೊಂಡು ನಾನು ಐದು ನಿಮಿಷ ಚುಕ್ಕಿ, ಗೆರೆ ಬಡಿಯುವುದು, ಕೇಳಿದವರು ಅದನ್ನು ಅಕ್ಷರವಾಗಿ ಬರೆಯುವುದು, ಐದಕ್ಕಿಂತ ಹೆಚ್ಚು ತಪ್ಪಾದರೆ ಫೇಲು. ನಿನ್ನ ಹಾಳೆಯಲ್ಲಿ ಏಳು ಕೆಂಪು ಸುತ್ತು ಹಾಕಿದೆ. ನೀನು ಎದ್ದು ನಿಂತು, ಅಮ್ಮಾ, ನೀನು ಕಳಿಸಿದ್ದೇ ಹಾಗೆ, ನಾನು ಕೇಳಿದ್ದನ್ನೇ ಬರ್ದಿದೀನಿ ಅಂದೆ. ನಾನು ಎಲ್ಲರ ಮುಂದೆ, ಮೂವತ್ತೊಂದು ವರ್ಷ ತಂತಿ ಕಚೇರಿಯಲ್ಲಿ ಬಡಿದ ಕೈ ಇದು, ಮೊದಲು ಹೋಗಿ ಕಿವಿ ತೊಳ್ಕೊಂಡು ಬಾ ಅಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೀನು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ, ಮನೆಗೂ ಬಾರದೆ ಸೀದಾ ಬಸ್ಸು ಹತ್ತಿದೆ. ನಿನಗೆ ಅಂತ ಮಾಡಿದ್ದ ಅಡುಗೆಯನ್ನು ಅಪ್ಪ ಎರಡು ದಿನ ಬಿಸಿ ಮಾಡಿಕೊಂಡು ತಿಂದರು.

ಇನ್ನು ವಿಷಯ ಹೇಗೆ ಹೊರಬಿತ್ತು ಎಂಬುದು. ಹವ್ಯಾಸಿ ರೇಡಿಯೊ ಲೈಸೆನ್ಸಿಗೆ ಮೋರ್ಸ್ ಪರೀಕ್ಷೆ ಇರಬೇಕೋ, ತೆಗೆದುಹಾಕಬೇಕೋ ಎಂದು ಲೈಸೆನ್ಸ್ ಕಚೇರಿಯವರು ಊರೂರಿಗೆ ಹೋಗಿ ಅಹವಾಲು ಕೇಳುತ್ತಿದ್ದಾರಲ್ಲ, ನಮ್ಮ ಸರದಿ ಈ ಗುರುವಾರ, ಗ್ರಂಥಾಲಯದ ಸಭಾಂಗಣದಲ್ಲಿ. ಬೇಡ ಎನ್ನುವವರ ಅರ್ಜಿಯಲ್ಲಿ ನಿನ್ನ ಸಹಿ ನಾಲ್ಕನೆಯದು. ನೋಡಿದೆ. ಸಹಿಯಲ್ಲೂ ಆ ಉದ್ದ ಬಾಲ ಎಳೆದಿದ್ದೀಯ. ಬೇಕು ಎನ್ನುವವರ ಕಡೆಯಿಂದ ಮೊದಲು ಎದ್ದು ಮಾತಾಡಬೇಕಾದವಳು ನಾನು.

ಇದರ ಮೇಲೆ ನಾವಿಬ್ಬರೂ ಆಡಿದ ಜಗಳಕ್ಕೆ ಲೆಕ್ಕವಿಲ್ಲ. ಕಾರು ಓಡಿಸೋಕೆ ಕುದುರೆ ಸವಾರಿ ಬರಬೇಕಾ ಅಮ್ಮ ಅಂತ ನೀನು. ನಡುದಾರೀಲಿ ಕಾರು ಕೆಟ್ಟು ನಿಂತಾಗ ಕುದುರೆ ಕಂಡ್ರೆ ಕೈ ಮುಗೀತೀಯ ಅಂತ ನಾನು. ಅಪ್ಪ ಪಲ್ಯದ ಪಾತ್ರೆ ಹಿಡಿದುಕೊಂಡು, ಕುದುರೆಗೂ ಕಾರಿಗೂ ಬಡಿಸ್ಲಾ ಅಂತ ಕೇಳಿದ್ದರು. ನಾನು ಆ ದೋಣಿಯ ಕಥೆ ಹೇಳಿದಾಗಲೆಲ್ಲ ನೀನು ಕಣ್ಣು ಮೇಲೆ ಮಾಡುತ್ತಿದ್ದೆ. ಆದರೂ ಅದು ನಡೆದದ್ದೇ. ಬಿರುಗಾಳಿಯಲ್ಲಿ ಮಾತಿನ ದನಿ ಒಂದೂ ಕೇಳಿಸದೆ ಬರೀ ಜರ್ ಅನ್ನುತ್ತಿದ್ದಾಗ, ಆ ಗದ್ದಲದ ಅಡಿಯಿಂದ ಸಣ್ಣಗೆ ಒಂದು ಮೋರ್ಸ್ ಬಂತು. ನಲವತ್ತು ನಿಮಿಷ ಕಣ್ಣು ಮುಚ್ಚಿ ಒಂದೊಂದೇ ಅಕ್ಷರ ಹಿಡಿದೆ. ಏಳು ಜನ ದಡ ಸೇರಿದರು. ಮೋರ್ಸ್ ಬೇಕು ಎಂದು ನಾನು ಹೇಳುವುದು ಹಳೆಯ ಕಾಲದ ಮೇಲಿನ ವ್ಯಾಮೋಹದಿಂದಲ್ಲ. ಆ ನಲವತ್ತು ನಿಮಿಷ ಕೇಳುವುದು ಗೊತ್ತಿಲ್ಲದ ಯಾರೋ ಆ ಕುರ್ಚಿಯಲ್ಲಿ ಕೂತಿದ್ದರೆ ಏನಾಗುತ್ತಿತ್ತು ಎಂಬ ಹೆದರಿಕೆಯಿಂದ. ಆ ಹೆದರಿಕೆ ಈಗಲೂ ಹಾಗೇ ಇದೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಸರಿ, ಗುರುವಾರಕ್ಕೆ ಭಾಷಣ ಬರೆಯಲು ಕೂತೆ. ಬಿಸಿಬಿಸಿ ಭಾಷಣ. ಈಗಿನವರಿಗೆ ಕೇಳುವ ಕಿವಿಯೇ ಇಲ್ಲ, ಮೊದಲೆಲ್ಲ ವರ್ಷಕ್ಕೆ ಒಬ್ಬರೋ ಇಬ್ಬರೋ ಫೇಲಾಗುತ್ತಿದ್ದರು, ಈಗ ಏಳು ತಿಂಗಳಲ್ಲಿ ಹನ್ನೊಂದು ಜನ, ಪರೀಕ್ಷೆ ಇದ್ದೇ ಈ ಗತಿಯಾದರೆ ಇಲ್ಲದಿದ್ದರೆ ಇನ್ನೇನು ಎಂದೆಲ್ಲ ಬರೆದೆ. ಬರೆದದ್ದನ್ನು ಓದಿ ನನಗೇ ಚಪ್ಪಾಳೆ ತಟ್ಟಬೇಕೆನಿಸಿತು. ಎಂಥೆಂಥ ತಪ್ಪು ಮಾಡಿದ್ದಾರೆ ಎಂದು ಎರಡು ಉದಾಹರಣೆ ಕೊಡೋಣ ಎಂದು ಹೋದ ಗುರುವಾರ ಬೀರುವಿನಿಂದ ಆ ಹನ್ನೊಂದು ಹಾಳೆ ತೆಗೆದು ಇದೇ ಮೇಜಿನ ಮೇಲೆ ಸಾಲಾಗಿ ಹರಡಿದೆ.

ಕಡ್ಡಿ, ಹನ್ನೊಂದು ಜನರದ್ದೂ ಒಂದೇ ತಪ್ಪು.

ಒಬ್ಬರಿಗೊಬ್ಬರು ಗೊತ್ತಿಲ್ಲದವರು, ಬೇರೆ ಬೇರೆ ತಿಂಗಳಲ್ಲಿ ಬಂದವರು. ಆದರೂ ನಾಲ್ಕು ಚುಕ್ಕಿಯ ಅಕ್ಷರ ಇರಬೇಕಾದ ಕಡೆ ಎಲ್ಲರೂ ಐದು ಎಂಬ ಅಂಕಿ ಬರೆದಿದ್ದಾರೆ. ಮೋರ್ಸಿನಲ್ಲಿ ಐದು ಚುಕ್ಕಿ ಎಂದರೆ ಅಂಕಿ ಐದು ಎಂದು ನಿನಗೆ ಹೇಳಬೇಕಾಗಿಲ್ಲ. ಮೂರು ಚುಕ್ಕಿ ಇರಬೇಕಾದ ಕಡೆ ನಾಲ್ಕು ಚುಕ್ಕಿಯ ಅಕ್ಷರ. ಗೆರೆ ಇರುವ ಅಕ್ಷರಗಳಲ್ಲಿ ಒಂದೂ ತಪ್ಪಿಲ್ಲ. ಒಬ್ಬರು ಕಿವಿ ತೊಳೆದುಕೊಳ್ಳದೆ ಬಂದಿರಬಹುದು, ಹನ್ನೊಂದು ಜನ ಒಂದೇ ಕಡೆ ಕೊಳೆ ಇಟ್ಟುಕೊಂಡು ಬರುತ್ತಾರೆಯೇ? ಚುಕ್ಕಿಗಳು ಬೇಗ ಬೇಗ ಬರುವ ಕಡೆ ನನ್ನ ಕೈ ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೊಂದು ಬಡಿದುಬಿಡುತ್ತದೆ. ಅವರು ಬರೆದದ್ದು ನಾನು ಕಳಿಸಿದ್ದನ್ನು. ನಾನು ತಿದ್ದಿದ್ದು ಕಾಗದದಲ್ಲಿದ್ದದ್ದಕ್ಕೆ ಹೋಲಿಸಿ.

ನಿನಗೇ ಕೇಳಿಸಲಿಲ್ಲವೇ ಅನ್ನುತ್ತೀಯ. ಕೇಳಿಸಲಿಲ್ಲ. ಮೂವತ್ತೊಂದು ವರ್ಷ ಬಡಿದವಳಿಗೆ ತಾನು ಬಡಿದದ್ದು ಕೇಳಿಸುವುದಿಲ್ಲ, ಬಡಿಯಬೇಕೆಂದುಕೊಂಡದ್ದು ಕೇಳಿಸುತ್ತದೆ. ನಮ್ಮ ಕಸುಬಿನವರಿಗೇ ಬರುವ ರೋಗ ಇದು. ಮೊದಲಿನ ಹಾಗೆ ಅರ್ಥವಿರುವ ವಾಕ್ಯ ಕೊಡುತ್ತಿದ್ದರೆ ಪರೀಕ್ಷೆಗೆ ಕೂತವರು ನನ್ನ ತಪ್ಪನ್ನು ಊಹೆಯಿಂದ ಸರಿಮಾಡಿಕೊಂಡು ಪಾಸಾಗುತ್ತಿದ್ದರು. ಊಹಿಸಿ ಬರೆಯುವುದು ಮೋಸ, ಅರ್ಥವಿಲ್ಲದ ಅಕ್ಷರದ ಗುಂಪುಗಳನ್ನೇ ಕೊಡಬೇಕು ಎಂದು ಹಟ ಹಿಡಿದವಳು ಯಾರು? ನಾನು. ತಾನೇ ಬಡಿಯುವ ಯಂತ್ರ ತರಿಸೋಣ ಮೇಡಂ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿದಾಗ, ಯಂತ್ರದ ಮೋರ್ಸ್ ಅಂದ್ರೆ ಪ್ಲಾಸ್ಟಿಕ್ ಹೂವು ಕಣ್ರೀ ಎಂದು ಅವರ ಬಾಯಿ ಮುಚ್ಚಿಸಿದವಳು ಯಾರು? ಅದೂ ನಾನೇ. ಇಷ್ಟು ಅಚ್ಚುಕಟ್ಟಾಗಿ ನನ್ನ ಗುಂಡಿ ನಾನೇ ತೋಡಿಕೊಂಡಿದ್ದೇನೆ.

ಮೇಲೆ ಪೆನ್ನು ಸರಿಯಿಲ್ಲ ಎಂದು ಬರೆದದ್ದು ಸುಳ್ಳು. ಪೆನ್ನು ಹೊಸದು. ಬಲಗೈ ನಡುಗುತ್ತಿದೆ. ಡಾಕ್ಟರು ನರದ ತೊಂದರೆ ಅಂದರು, ಮಾತ್ರೆ ಕೊಟ್ಟಿದ್ದಾರೆ, ನಿಧಾನಕ್ಕೆ ಬೆಳೆಯುವಂಥದ್ದು, ಹೆದರಬೇಡಿ ಅಂದರು. ಹೆದರಬೇಡಿ ಅಂದ ಮೇಲೆಯೇ ಹೆದರಿಕೆ ಶುರುವಾಯಿತು. ಈಗ ಮೇಜಿನ ಮೇಲೆ ಕೈ ಒತ್ತಿಟ್ಟುಕೊಂಡು ಬರೆಯುತ್ತಿದ್ದೇನೆ, ಒಂದು ಹಾಳೆ ತುಂಬಿಸಲು ಮುಕ್ಕಾಲು ಗಂಟೆ ಹಿಡಿಯುತ್ತಿದೆ.

ಅಪ್ಪನಿಗೆ ಹೇಳೋಣ ಎಂದು ಧೈರ್ಯ ಮಾಡಿ ಬಾಯಿ ತೆರೆದರೆ ಅವರಿಗೆ ಆರು ತಿಂಗಳಿಂದ ಗೊತ್ತಂತೆ. ನನ್ನ ಲೋಟಕ್ಕೆ ಅವರು ಯಾವಾಗಲೂ ಅರ್ಧ ಚಹಾ ಮಾತ್ರ ಹಾಕುತ್ತಿದ್ದರು. ವಯಸ್ಸಾದ ಹಾಗೆ ಜಿಪುಣತನ ಬರ್ತಿದೆ ನಿಮಗೆ ಎಂದು ನಾನು ಎಷ್ಟು ಸಲ ರೇಗಿದ್ದೇನೆ! ಮನುಷ್ಯ ಕ್ಯಾರೇ ಅನ್ನದೆ ನಗುತ್ತಿದ್ದರು. ಈಗ ಕೇಳಿದರೆ, ಪೂರ್ತಿ ಹಾಕಿದ್ರೆ ಚೆಲ್ತೀಯ, ಚೆಲ್ಲಿದ್ರೆ ನಿಂಗೆ ಗೊತ್ತಾಗುತ್ತೆ, ಅದಕ್ಕೆ ಅಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅವರು ಇನ್ನರ್ಧ ಲೋಟ ತಂದುಕೊಟ್ಟರು.

ಅತ್ತು ಹಗುರವಾಗಿ ಎದ್ದವಳು ಒಂದು ಒಳ್ಳೆಯ ಕೆಲಸ ಮಾಡೋಣ ಎಂದು ಶನಿವಾರ ಶಾಲಾ ವ್ಯಾನಿನ ಡ್ರೈವರ್ ಮನೆಗೆ ಹೋದೆ. ನೀನು ಅವನನ್ನು ನೋಡಿದ್ದೀಯ, ನಿನ್ನ ಪರೀಕ್ಷೆ ನೋಡಲು ಬಂದು ಬಾಗಿಲ ಪಕ್ಕದಲ್ಲಿ ಕೂತು ತೊಡೆಯ ಮೇಲೆ ಬೆರಳಿನಿಂದ ಬಡಿದುಕೊಳ್ಳುತ್ತಿದ್ದವನು. ಅವನು ಮೂರು ಸಲ ಫೇಲು, ಮೂರು ಸಲವೂ ನನ್ನ ಕೈಯಲ್ಲೇ, ಈ ಏಳು ತಿಂಗಳೊಳಗೇ. ಮೂರು ತಿಂಗಳಿಗೊಂದು ಸಲ ತಪ್ಪದೆ ಬಂದಿದ್ದಾನೆ, ಆ ಹನ್ನೊಂದರ ಲೆಕ್ಕದಲ್ಲಿರುವುದು ಅವನ ಕಡೆಯ ಹಾಳೆ ಮಾತ್ರ. ಅವನ ಮೂರನೆಯ ಹಾಳೆ ನೋಡಿದರೆ ಎದೆ ಚುರುಕ್ ಅನ್ನುತ್ತದೆ, ನಾನು ಹೆಚ್ಚಿಗೆ ಬಡಿದ ಒಂದು ಚುಕ್ಕಿಯನ್ನೂ ಅವನು ಬಿಟ್ಟಿಲ್ಲ. ಅಂಥ ಕಿವಿ ನಮ್ಮ ತಂತಿ ಕಚೇರಿಯಲ್ಲೂ ಒಬ್ಬಿಬ್ಬರಿಗಿತ್ತು ಅಷ್ಟೇ. ಬಾಗಿಲು ತೆರೆದವನು ನನ್ನನ್ನು ಕಂಡು ಗಾಬರಿಯಾಗಿ, ಕುರ್ಚಿ ಒರೆಸಿ ಕೂರಿಸಿ, ರೇಡಿಯೊ ಸೆಟ್ಟು ಮಾರಿಬಿಟ್ಟೆ ಮೇಡಂ, ನನ್ನಂಥೋನಿಗೆ ಇದು ಹತ್ತಲ್ಲ, ನೀವು ಬೇಜಾರು ಮಾಡ್ಕೋಬೇಡಿ ಅಂದ. ಅವನು ನನಗೆ ಸಮಾಧಾನ ಹೇಳುತ್ತಿದ್ದಾನೆ! ಹಾಳೆ ನನ್ನ ಚೀಲದಲ್ಲೇ ಇತ್ತು. ನಾನು ಏನು ಮಾಡಿದೆ ಗೊತ್ತೇ? ಈ ಕಡೆ ಬಂದಿದ್ದೆ, ಹಾಗೇ ನೋಡ್ಕೊಂಡು ಹೋಗೋಣ ಅಂತ ಅಂದೆ. ಅವನ ಹೆಂಡತಿ ಕೊಟ್ಟ ನೀರು ಕುಡಿದು ಎದ್ದು ಬಂದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಬಾಯಿ ಬಿಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಊರಿಗೆಲ್ಲ ಕಟ್ಟುನಿಟ್ಟು ಹೇಳಿದವಳಲ್ಲವೇ.

ಭಾನುವಾರ ನಿನ್ನ ಗಡಿಯಾರ ಮಾಮನ ಅಂಗಡಿಗೆ ಹೋದೆ. ಕ್ಲಬ್ಬಿನಲ್ಲಿ ನನ್ನ ಹಾಗೆ ಕೀ ಬಡಿಯಬಲ್ಲವರು ಅವರೊಬ್ಬರೇ, ಅವರ ಬಳಿಯಾದರೂ ಹೇಳದಿದ್ದರೆ ತಲೆ ಸಿಡಿಯುತ್ತಿತ್ತು. ಹನ್ನೊಂದು ಹಾಳೆಯನ್ನೂ ಗಾಜಿನ ಪೆಟ್ಟಿಗೆಯ ಮೇಲೆ ಹರಡಿದೆ. ಅವರು ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ಒಂದೊಂದಾಗಿ ನೋಡಿದರು. ಹಾಳೆಗಳನ್ನು ಒಟ್ಟುಮಾಡಿ ನನ್ನ ಕೈಗೇ ಕೊಟ್ಟರು. ಆಮೇಲೆ, ಗುರುವಾರ ಮುಗೀಲಿ, ಆಮೇಲೆ ಹೇಳಿ ಅಂದರು. ಯಾಕೆ ಅಂದೆ. ಗುರುವಾರ ನೀವು ಇದನ್ನ ಹೇಳಿದ್ರೆ ಆ ಕಡೆಯವರಿಗೆ ಹಬ್ಬ. ನೋಡಿ, ಒಬ್ಬರ ಕೈ ನಡುಗಿದ್ದಕ್ಕೆ ಹನ್ನೊಂದು ಜನರ ಲೈಸೆನ್ಸ್ ಹೋಯ್ತು, ಇಂಥ ಪರೀಕ್ಷೆ ಯಾಕೆ ಬೇಕು ಅಂತ ಕೇಳ್ತಾರೆ, ಉತ್ತರ ಕೊಡೋಕೆ ನಮ್ಮ ಹತ್ರ ಬಾಯಿರಲ್ಲ. ಶನಿವಾರ ಹೇಳಿ, ಸೋಮವಾರ ಹೇಳಿ, ನಾನೇ ಜೊತೆಗೆ ಬರ್ತೀನಿ. ಗುರುವಾರ ಮಾತ್ರ ಬೇಡ ಅಂದರು. ಅವರು ಕೆಟ್ಟವರಲ್ಲ ಅಂತ ನಿನಗೂ ಗೊತ್ತು. ನಾವಿಬ್ಬರೂ ಸೇರಿ ಇಪ್ಪತ್ತು ವರ್ಷ ಕಟ್ಟಿದ ಕ್ಲಬ್ಬು ಒಂದೇ ದಿನದಲ್ಲಿ ಕುಸಿಯುತ್ತದೆ ಎಂಬ ಸಂಕಟ ಅವರದು. ನನ್ನದೂ ಅದೇ.

ಆದರೆ ಶನಿವಾರ ಹೇಳಿದರೆ ನಿನಗೆ ಏನು ಸಿಗುತ್ತದೆ? ನಿನಗೆ ರೇಡಿಯೊ ನೋಡಿಕೊಳ್ಳುವ ಕೆಲಸ ಕೊಡಲಿರುವ ದ್ವೀಪದ ಹವಾಮಾನ ಕೇಂದ್ರದವರು ಲೈಸೆನ್ಸಿನ ಪಾಸು ಚೀಟಿ ತೋರಿಸಲು ಸೋಮವಾರ ಕಡೆಯ ದಿನ ಅಂದಿದ್ದಾರೆ. ಇಲ್ಲದಿದ್ದರೆ ಪಟ್ಟಿಯಲ್ಲಿ ಎರಡನೆಯವರನ್ನು ಕರೆಯುತ್ತಾರೆ. ಪರೀಕ್ಷೆ ಶುಕ್ರವಾರ ಒಂದೇ ದಿನ. ನೀನು ಕೂರಬೇಕಾದರೆ ನಿನ್ನ ಹಳೆಯ ಫಲಿತಾಂಶ ರದ್ದಾಗಬೇಕು. ರದ್ದು ಮಾಡುವ ಅಧಿಕಾರವಿರುವ ಲೈಸೆನ್ಸ್ ಕಚೇರಿಯ ಹೆಂಗಸು ಇಲ್ಲಿಗೆ ಬರುವುದು ಗುರುವಾರ ಬೆಳಿಗ್ಗೆ, ಆ ಸಭೆಗೇ. ಮಧ್ಯಾಹ್ನ ಹೊರಟುಹೋಗುತ್ತಾರೆ. ನಿನ್ನೆ ಅವರನ್ನು ಫೋನಿನಲ್ಲಿ ಕೇಳಿದೆ, ಹೆಸರು ಹೇಳದೆ, ಹೀಗೊಂದು ತೊಂದರೆಯಾದರೆ ಅಂತ. ಪರೀಕ್ಷಕರೇ ಬಂದು ಎಲ್ಲರೆದುರು ಹೇಳಿಕೆ ಕೊಟ್ಟು ದಾಖಲಾಗಬೇಕು, ಗುಟ್ಟಾಗಿ ಕಾಗದ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ ಅಂದರು. ಅಲ್ಲಿಗೆ ಎಲ್ಲ ದಾರಿಯೂ ಮುಚ್ಚಿತು.

ನಾನು ಮೋರ್ಸಿನ ಪರವಾಗಿ ಎದ್ದು ನಿಂತು ಅದರ ಕತ್ತನ್ನು ನಾನೇ ಹಿಸುಕಬೇಕು. ಇಲ್ಲವೇ ಬಾಯಿ ಮುಚ್ಚಿಕೊಂಡು ನಿನ್ನ ಕೆಲಸ ಹೋಗುವುದನ್ನು ನೋಡಬೇಕು. ಎರಡು ದಿನದಿಂದ ಮನೆಯೊಳಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ. ಹಾಲು ಉಕ್ಕಿಸಿದೆ, ಕೊಡೆ ಅಂಗಡಿಯಲ್ಲಿ ಬಿಟ್ಟು ಬಂದೆ, ಪಕ್ಕದ ಮನೆಯವರಿಗೆ ಬಂದ ಪತ್ರ ಒಡೆದು ಓದಿಬಿಟ್ಟೆ.

ಸಭೆಯಲ್ಲಿ ಏನು ಹೇಳಬೇಕೆಂದು ಹತ್ತು ಸಲ ಹೇಳಿಕೊಂಡಿದ್ದೇನೆ. ಮೊದಲು ಹಾಳೆಗಳು, ಆಮೇಲೆ ನನ್ನ ಅಭಿಪ್ರಾಯ. ಮೋರ್ಸ್ ಕಲಿಸಲೇಬೇಕು, ಅದರಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ಅದನ್ನು ಲೈಸೆನ್ಸಿನ ಬಾಗಿಲಲ್ಲಿ ಕಾವಲು ನಿಲ್ಲಿಸಿ, ಒಳಗೆ ಬರುವವರನ್ನು ಒಬ್ಬರೇ ಒಬ್ಬರ ಕೈಗೆ ಬಿಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಇಷ್ಟು ದಿನ ಆ ಪ್ರಶ್ನೆಯನ್ನು ನೀನು ಕೇಳುತ್ತಿದ್ದೆ, ನಾನು ಕುದುರೆ ಕಾರು ಎಂದು ಬಾಯಿ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ತಮಾಷೆ ಏನೆಂದರೆ, ಈ ಹನ್ನೊಂದು ಹಾಳೆಗಿಂತ ಒಳ್ಳೆಯ ಸಾಕ್ಷಿ ಮೋರ್ಸಿಗೆ ಇನ್ನೊಂದು ಸಿಗಲಾರದು. ಇಷ್ಟು ಚೆನ್ನಾಗಿ ಕೇಳುವ ಜನ ಇದ್ದಾರೆ, ಕಲಿಯುತ್ತಾರೆ. ಅದನ್ನು ಹೇಳಲು ಹೋದರೆ ಮೊದಲು ನನ್ನ ಮಾನ ಹೋಗಬೇಕು.

ದ್ವೀಪಕ್ಕೆ ನೀನು ಹೋಗುವುದು ನನಗೆ ಇಷ್ಟವಿಲ್ಲ ಎಂದು ನೀನು ಅಪ್ಪನ ಹತ್ತಿರ ಹೇಳಿದೆಯಂತೆ. ಹಾಗೇನಿಲ್ಲ. ಹೋಗು ಅಂತಲೇ ಹೇಳಿದ್ದೆನಲ್ಲ. ಆ ಕೇಂದ್ರದವರ ಪತ್ರ ಒಂದು ದಿನ ತಡವಾಗಿ ನಿನ್ನ ಕೈಗೆ ಬಂದದ್ದು ಅದು ಹಳೆಯ ಪೇಪರಿನ ಕೆಳಗೆ ಸೇರಿಹೋಗಿತ್ತು ಅಂತ, ಬೇರೇನೂ ಅಲ್ಲ. ವರ್ಷಕ್ಕೆ ಎರಡೇ ದೋಣಿ, ಡಾಕ್ಟರಿಲ್ಲ, ನಾಲ್ಕು ಜನ ಗಂಡಸರ ನಡುವೆ ನೀನೊಬ್ಬಳು, ಜನರೇಟರ್ ಕೆಟ್ಟರೆ ನೀನೇ ರಿಪೇರಿ ಮಾಡಬೇಕು, ಇದನ್ನೆಲ್ಲ ನಾನು ಸುಮ್ಮನೆ ಕೇಳಿದೆ ಅಷ್ಟೇ. ತಾಯಿ ಅಂದ ಮೇಲೆ ಕೇಳುವುದಿಲ್ಲವೇ? ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವಳಿಗೆ ಜನರೇಟರ್ ಯಾವ ಲೆಕ್ಕ ಎಂದು ನೀನು ಅಂದೆ. ಸರಿಯಾದ ಮಾತೇ.

ಬೆಚ್ಚಗಿನ ಕಾಲುಚೀಲ ಆರು ಜೊತೆ ತಂದಿಟ್ಟಿದ್ದೇನೆ. ಬಣ್ಣ ನಿನಗೆ ಹಿಡಿಸುವುದಿಲ್ಲ, ಗೊತ್ತು, ಇದ್ದದ್ದು ಅವೇ.

ಇಷ್ಟೇ. ಗುರುವಾರ ನಾನು ಹೇಳುತ್ತೇನೆ. ಹೇಳುತ್ತೇನೆ ಎಂದು ಇಲ್ಲಿ ಬರೆದದ್ದೇ ಗುರುವಾರ ಬೆಳಿಗ್ಗೆ ತಪ್ಪಿಸಿಕೊಳ್ಳದಿರಲಿ ಎಂದು. ಆ ಶನಿವಾರ ಎಲ್ಲರ ಮುಂದೆ ನಿನಗೆ ಅಂದದ್ದು ತಪ್ಪು. ಎಲ್ಲರ ಮುಂದೆಯೇ ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಅಪ್ಪ ನಿನ್ನನ್ನು ಕೇಳಿದರು ಅಂತ ಬರೆಯಲು ಹೇಳಿದರು, ಮತ್ತೆ ಕೆಮ್ಮು ಹೋಯಿತಾ ಅಂತ.

ನಿನ್ನ ಕಿವಿಯನ್ನು ಅನುಮಾನಿಸಿದ,
ನಿನ್ನ ಅಮ್ಮ

ಸಹಿಯ ಕೆಳಗೆ, ಗುರುವಾರ ಮಧ್ಯಾಹ್ನ ಒಂದು ಗಂಟೆ, ಬಸ್ ನಿಲ್ದಾಣದ ಬೆಂಚು:

ಮಂಗಳವಾರ ಇದನ್ನು ಕಳಿಸಲಿಲ್ಲ. ಎರಡು ದಿನ ಚೀಲದಲ್ಲೇ ಇತ್ತು. ಸಭೆ ಮುಗಿಯಿತು, ಹೇಳಿದೆ. ಅಧಿಕಾರಿ ಸಹಿ ಮಾಡಿದ ಅನುಮತಿ ಇದರ ಜೊತೆ ಗುಂಡುಪಿನ್ನಿನಲ್ಲಿದೆ, ಕಳೆಯಬೇಡ, ನಾಳೆ ತರಬೇಕು. ಹನ್ನೊಂದು ಜನರಿಗೂ ಕೊಟ್ಟಿದ್ದಾರೆ. ಮೋರ್ಸ್ ಇರಬೇಕೋ ಬೇಡವೋ ಎಂಬ ತೀರ್ಮಾನ ಮುಂದಿನ ತಿಂಗಳು, ಯಾವ ಕಡೆ ವಾಲುತ್ತದೆ ಎಂದು ಸಭೆಯ ಮುಖಗಳನ್ನು ನೋಡಿದರೇ ಗೊತ್ತಾಗುತ್ತಿತ್ತು. ನಾಳೆ ಕೀ ಮುಂದೆ ಕೂರುವುದು ಗಡಿಯಾರ ಮಾಮ. ಬರ್ತೀನಿ ಅಂತಷ್ಟೇ ಹೇಳಿ, ನನ್ನ ಮುಖ ನೋಡದೆ ಹೋದರು.

ನಾನು ಕೂರುವ ಹೊತ್ತಿಗೆ ಆ ಹೆಂಗಸು ಒಂದು ಪ್ರಶ್ನೆ ಕೇಳಿದರು. ಇದು ನಿಮಗೆ ಯಾವಾಗ ಗೊತ್ತಾಯ್ತು ಅಂತ. ಹೋದ ಗುರುವಾರ ಎನ್ನಲು ಬಾಯಿ ತೆರೆದೆ. ಮೂರನೆಯ ಸಾಲಿನಲ್ಲಿ ಆ ವ್ಯಾನಿನ ಡ್ರೈವರ್ ಕೂತು ನನ್ನನ್ನೇ ನೋಡುತ್ತಿದ್ದ. ಸುಳ್ಳು ಹೊರಡಲಿಲ್ಲ. ಅಲ್ಲಿ ಹೇಳಿದ್ದನ್ನು ನಾಳೆ ಯಾರೋ ನಿನಗೆ ಹೇಳುತ್ತಾರೆ, ಅದಕ್ಕಿಂತ ಮೊದಲು ನನ್ನಿಂದಲೇ ಕೇಳು.

ನಾನು ಹಾಳೆಗಳನ್ನು ಹರಡಿದ್ದು ಹೋದ ಗುರುವಾರ ಅಲ್ಲ. ನಿನ್ನ ಪರೀಕ್ಷೆಗೆ ನಾಲ್ಕು ದಿನ ಮೊದಲು, ಮಂಗಳವಾರ. ಡಾಕ್ಟರ ಹತ್ತಿರ ಹೋದದ್ದು ಬುಧವಾರ. ಆಗ ಇದ್ದದ್ದು ಹತ್ತೇ ಹಾಳೆ. ಹನ್ನೊಂದನೆಯದು ನಿನ್ನದು, ಅದನ್ನು ಗೊತ್ತಿದ್ದೂ ಸೇರಿಸಿದವಳು ನಾನು.

ಗೊತ್ತಿದ್ದೂ ಯಾಕೆ ಕೂತಿರಿ ಎಂದು ಅವರು ಕೇಳಿದರು. ಜಂಬ ಎಂದೆ, ಬರೆದುಕೊಂಡರು. ಅದು ಅರ್ಧ ಉತ್ತರ. ಇನ್ನರ್ಧ ನಿನಗೆ ಮಾತ್ರ. ನಾನು ಬೇಕೆಂದು ಒಂದು ಚುಕ್ಕಿಯನ್ನೂ ಹೆಚ್ಚು ಬಡಿಯಲಿಲ್ಲ, ನಿನ್ನಾಣೆ. ಆದರೆ ನನ್ನ ಕೈ ನಡುಗಿದರೆ ನೀನು ಹೋಗುವುದಿಲ್ಲ ಎಂಬುದು ಗೊತ್ತಿದ್ದುಕೊಂಡೇ ಕೀ ಮುಂದೆ ಕೂತೆ. ನಿನ್ನ ಏಳನೆಯ ತಪ್ಪಿಗೆ ಕೆಂಪು ಸುತ್ತು ಹಾಕುವಾಗ ನನಗೆ ಸಂತೋಷವಾಯಿತು, ಕಡ್ಡಿ. ಆ ಸಂತೋಷ ಮುಖದಲ್ಲಿ ಕಾಣಬಾರದು ಅಂತಲೇ ಅಷ್ಟು ಜೋರಾಗಿ ನಿನ್ನನ್ನು ಬೈದದ್ದು.

ನಿನ್ನೂರಿನ ಬಸ್ಸು ಬಂತು, ಕಂಡಕ್ಟರ್ ಲಕೋಟೆಗೆ ಕೈ ಚಾಚುತ್ತಿದ್ದಾನೆ. ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಅಪ್ಪನಿಗೆ ಹೇಳು, ನಾಳೆ ನಾನು ಆ ಬೀದಿಗೇ ಬರುವುದಿಲ್ಲ. ಆದರೆ ನೀನು ಬಾ. ಹತ್ತು ಗಂಟೆಗೆ.